ಟ್ರೊಮ್ಸೊದಲ್ಲಿ ನಡೆದು ನೋಡುವುದು, ನಡೆದು ತಿನ್ನುವುದು: ಯಾವ ಪ್ರವಾಸ ಯಾರಿಗೆ?

ನಾರ್ವೆಯ ಟ್ರೊಮ್ಸೊಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಧ್ರುವಪ್ರಭೆಯನ್ನು ನೋಡಲೆಂದೇ ಹೋಗುತ್ತಾರೆ. ಅದು ರಾತ್ರಿಯ ಕೆಲಸ. ಸಂಜೆ ಬಸ್ ಹತ್ತಿದರೆ ಹಿಂದಿರುಗುವುದು ನಡುರಾತ್ರಿ ಕಳೆದ ಮೇಲೆ. ಹಗಲು ಹೊತ್ತು ಏನು ಮಾಡುವುದು ಎಂಬ ಪ್ರಶ್ನೆ ವಿಮಾನದ ಟಿಕೆಟ್ ಕೈಗೆ ಬಂದ ಮೇಲೆಯೇ ಏಳುತ್ತದೆ. ಹುಡುಕಲು ಕೂತರೆ ಊರಿನ ಸಾಂಸ್ಕೃತಿಕ ನಡಿಗೆ, ಊಟತಿಂಡಿಯ ನಡಿಗೆ, ಈ ಉತ್ತರದ ನೆಲದ ಮೂಲನಿವಾಸಿಗಳಾದ ಸಾಮಿ ಜನರ ಸಂಸ್ಕೃತಿಯ ಸಂಜೆ, ಖಾಸಗಿ ಗೈಡ್ ಎಂದು ಹೆಸರುಗಳ ಸಾಲೇ ಕಣ್ಣಿಗೆ ಬೀಳುತ್ತದೆ. ಚಿತ್ರಗಳಲ್ಲಿ ಎಲ್ಲವೂ ಒಂದೇ ತರಹ ಕಾಣುತ್ತವೆ: ಹಿಮ, ಬಣ್ಣದ ಮರದ ಮನೆಗಳು, ನಗುವ ಮುಖಗಳು. ಬೆಲೆ ಮಾತ್ರ ಬೇರೆ ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೀನು, ಮಾಂಸ ತಿನ್ನುವವರು ಊರು ಮುಟ್ಟಿದ ಮೊದಲ ಪೂರ್ತಿ ಹಗಲಿನಲ್ಲಿಯೇ ಊಟದ ನಡಿಗೆಗೆ ಹೋಗಬೇಕು, ಕೊಟ್ಟ ಹಣಕ್ಕೆ ಮೋಸವಿಲ್ಲ. ಸಸ್ಯಾಹಾರಿಗಳು ಅದಕ್ಕೆ ದುಡ್ಡು ಸುರಿಯದೆ ಚರಿತ್ರೆಯ ನಡಿಗೆಗೆ ಸೇರಿ, ತಿಂಡಿಯನ್ನು ತಾವೇ ಹುಡುಕಿಕೊಳ್ಳುವುದು ಮೇಲು. ಸಾಮಿ ಶಿಬಿರವನ್ನು ಈ ಎರಡರಲ್ಲಿ ಯಾವುದಕ್ಕೂ ಬದಲಿ ಎಂದು ಎಣಿಸಬಾರದು. ಕಾರಣ ಇಷ್ಟೇ: ಈ ಊರಿನಲ್ಲಿ ತಟ್ಟೆಗೆ ಬರುವ ಪದಾರ್ಥಕ್ಕೂ ಊರು ಹುಟ್ಟಿ ಬೆಳೆದ ಕಾರಣಕ್ಕೂ ನೇರ ನಂಟಿದೆ. ಅದನ್ನು ಬಿಡಿಸಿ ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ ನೀವು ತಿಂದದ್ದು ಖಾರವಿಲ್ಲದ, ದುಬಾರಿ ಮೀನು ಅಷ್ಟೇ.

ಚಿಕ್ಕ ಊರಿಗೆ ಗೈಡ್ ಏಕೆ?

ಟ್ರೊಮ್ಸೊ ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ, 69 ಡಿಗ್ರಿ ಅಕ್ಷಾಂಶವನ್ನೂ ದಾಟಿದ ಜಾಗದಲ್ಲಿದೆ. ಹಳೆಯ ಪೇಟೆ ಒಂದು ದ್ವೀಪದ ಮೇಲಿದೆ. ಮುಖ್ಯ ಬೀದಿಯಾದ ಸ್ಟೂರ್‌ಗಾತಾದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ದಾರಿ ತಪ್ಪುವ ಭಯವಿಲ್ಲ, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ಹೀಗಿರುವಾಗ ನಡೆಯುವುದಕ್ಕೆ ದುಡ್ಡು ಕೊಡಬೇಕೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಆ ಬೀದಿಯಲ್ಲಿಯೇ ಇದೆ. 1794ರಲ್ಲಿ ಟ್ರೊಮ್ಸೊಗೆ ಪಟ್ಟಣದ ಸನ್ನದು ಸಿಕ್ಕಾಗ ಅಲ್ಲಿದ್ದವರು ಎಂಬತ್ತು ಮಂದಿಯ ಆಸುಪಾಸು. ಅಷ್ಟು ಜನರಿಗೆ ಪಟ್ಟಣ ಏಕೆ? ಉತ್ತರದ ಮೀನುಗಾರರು ಹಿಡಿದು ಒಣಗಿಸಿದ್ದನ್ನೆಲ್ಲ ದಕ್ಷಿಣದ ಬರ್ಗೆನ್ ವ್ಯಾಪಾರಿಗಳು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿದ್ದರು. ಆ ಏಕಸ್ವಾಮ್ಯ ಸಡಿಲಿಸಲು ಉತ್ತರದಲ್ಲಿಯೇ ವ್ಯಾಪಾರದ ಊರುಗಳು ಬೇಕಾಗಿದ್ದವು. ಆಮೇಲೆ ಶ್ವೇತ ಸಮುದ್ರದ ಕಡೆಯ ರಷ್ಯನ್ ದೋಣಿಗಳು ರೈ ಹಿಟ್ಟು ತಂದು ಇಲ್ಲಿಯ ಮೀನು ಒಯ್ದವು. ಧಾನ್ಯ ಸರಿಯಾಗಿ ಬೆಳೆಯದ ನೆಲದಲ್ಲಿ ರೊಟ್ಟಿಯ ಹಿಟ್ಟು ಬಂದದ್ದು ಹೀಗೆ, ಮೀನಿನ ಬದಲಿಗೆ. 1917ರ ಕ್ರಾಂತಿಯ ಹೊತ್ತಿಗೆ ಆ ವಿನಿಮಯ ನಿಂತುಹೋಯಿತು. ಇವತ್ತು ಹೋಟೆಲಿನಲ್ಲಿ ಮೀನಿನ ಪಕ್ಕದಲ್ಲಿ ರೈ ಬ್ರೆಡ್ ಇಟ್ಟರೆ ಈ ಸಂಗತಿಯನ್ನು ಯಾವ ಫಲಕವೂ ಹೇಳುವುದಿಲ್ಲ, ಒಳ್ಳೆಯ ಗೈಡ್ ಹೇಳುತ್ತಾರೆ.

ಮರದ ಮನೆಗಳೂ ಹಾಗೆಯೇ. ನೋಡಲು ಚೆಂದ ಎಂದು ಫೋಟೊ ತೆಗೆದು ಮುಂದೆ ಹೋಗಬಹುದು. ಆದರೆ 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಇನ್ನೂ ಉತ್ತರಕ್ಕಿರುವ ಫಿನ್‌ಮಾರ್ಕ್ ಪ್ರಾಂತವನ್ನೂ ಉತ್ತರ ಟ್ರೊಮ್ಸ್ ಪ್ರದೇಶವನ್ನೂ ಊರೂರೇ ಸುಟ್ಟುಹಾಕಿತು. ಟ್ರೊಮ್ಸೊ ಉಳಿಯಿತು, ಮನೆ ಕಳೆದುಕೊಂಡ ಸಾವಿರಾರು ಜನರು ಇಲ್ಲಿಗೆ ಬಂದರು. ಅದಕ್ಕೂ ಮೊದಲು 1940ರ ಮೇ ತಿಂಗಳಲ್ಲಿ ನಾರ್ವೆಯ ರಾಜನೂ ಸರ್ಕಾರವೂ ಇಲ್ಲಿದ್ದು, ಜೂನ್ 7ರಂದು ಬ್ರಿಟಿಷ್ ಹಡಗು ಹತ್ತಿ ದೇಶ ಬಿಟ್ಟರು. ಯುದ್ಧದಿಂದ ಪಾರಾದ ಪೇಟೆಯ ಒಂದು ಭಾಗ 1969ರ ಬೆಂಕಿಗೆ ಆಹುತಿಯಾಯಿತು. ಹಳೆಯ ಮರದ ಮನೆಗಳ ನಡುವೆ ಇದ್ದಕ್ಕಿದ್ದಂತೆ ಕಾಂಕ್ರೀಟ್ ಕಟ್ಟಡ ಎದುರಾದರೆ ಈ ಬೆಂಕಿಯನ್ನು ನೆನೆಯಬೇಕು. ಗೈಡ್ ಬೇಕಾಗುವುದು ದಾರಿ ತೋರಿಸಲು ಅಲ್ಲ, ಇದನ್ನೆಲ್ಲ ಕಣ್ಣೆದುರಿನ ಗೋಡೆಗೆ ಹೊಂದಿಸಿ ಹೇಳಲು.

ಊಟದ ನಡಿಗೆ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಇಂತಹ ನಡಿಗೆ ಸಾಮಾನ್ಯವಾಗಿ ಮೂರು ಗಂಟೆಯ ಸುತ್ತಮುತ್ತ ಇರುತ್ತದೆ. ಚಿಕ್ಕ ಗುಂಪು, ನಾಲ್ಕಾರು ಕಡೆ ನಿಲುಗಡೆ, ಪ್ರತಿ ಕಡೆ ಒಂದಿಷ್ಟು ರುಚಿ. ಕೆಲವು ಕಡೆ ಕೂತು ತಿನ್ನುತ್ತೀರಿ, ಕೆಲವು ಕಡೆ ಕೈಯಲ್ಲಿ ಹಿಡಿದು ನಿಂತೇ. ಬಹುತೇಕ ಪಟ್ಟಿಗಳಲ್ಲಿ ಕಾಣುವುದು ಒಣಗಿಸಿದ ಕಾಡ್ (cod) ಮೀನು, ಮೀನಿನ ಸೂಪ್ ಅಥವಾ ಬೇಯಿಸಿದ ಮೀನು, ಹಿಮಸಾರಂಗದ ಮಾಂಸ, ಕಂದು ಚೀಸ್, ಒಂದು ಸಿಹಿ. ಬಿಯರ್ ಸೇರಿದೆಯೋ ಇಲ್ಲವೋ ಎಂಬುದು ಪ್ರವಾಸದಿಂದ ಪ್ರವಾಸಕ್ಕೆ ಬದಲಾಗುತ್ತದೆ.

ಇವುಗಳಲ್ಲಿ ಇಡೀ ಊರನ್ನು ಹೊತ್ತು ನಿಂತಿರುವುದು ಒಣಮೀನು. ಅಲ್ಲಿಯವರು ಅದನ್ನು ತೊರ್‌ಫಿಸ್ಕ್ ಎನ್ನುತ್ತಾರೆ. ನಮ್ಮ ಕರಾವಳಿಯ ಒಣಮೀನನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಉಪ್ಪು ಹಾಕಿ ಬಿಸಿಲಿಗೆ ಒಡ್ಡುತ್ತಾರೆ, ಅಲ್ಲಿ ಒಂದು ಚಿಟಿಕೆ ಉಪ್ಪೂ ಇಲ್ಲ. ಚಳಿಗಾಲದ ಕೊನೆಯಲ್ಲಿ, ಫೆಬ್ರವರಿಯ ಹೊತ್ತಿಗೆ, ಹಸಿ ಮೀನನ್ನು ಎರಡೆರಡಾಗಿ ಬಾಲಕ್ಕೆ ಬಾಲ ಕಟ್ಟಿ ಮರದ ಚೌಕಟ್ಟಿಗೆ ತೂಗುಹಾಕುತ್ತಾರೆ. ಗಾಳಿ ಸೊನ್ನೆಯ ಆಚೀಚೆ ಇರುವುದರಿಂದ ಮೀನು ಕೊಳೆಯುವುದಿಲ್ಲ, ನೊಣವೂ ಇನ್ನೂ ಎದ್ದಿರುವುದಿಲ್ಲ. ಮೇ ತಿಂಗಳ ಹೊತ್ತಿಗೆ ನೀರೆಲ್ಲ ಆರಿ ಮರದ ತುಂಡಿನಂತೆ ಗಟ್ಟಿಯಾಗುತ್ತದೆ. ಹವೆ ತುಸು ಬೆಚ್ಚಗಿದ್ದರೆ ಕೆಡುತ್ತದೆ, ತೀರಾ ತಣ್ಣಗಿದ್ದರೆ ಹೆಪ್ಪುಗಟ್ಟಿ ಎಳೆ ಒಡೆಯುತ್ತದೆ. ಇಟಲಿಗೂ ನೈಜೀರಿಯಾಕ್ಕೂ ಇಂದಿಗೂ ಹೋಗುವ ಈ ಸರಕು ತಯಾರಾಗುವುದು ಇಷ್ಟು ಕಿರಿದಾದ ಹವೆಯ ಕಿಂಡಿಯಲ್ಲಿ.

ನಾನು ಹೋಗಿದ್ದ ನಡಿಗೆಯಲ್ಲಿ ಗೈಡ್ ಒಂದು ಇಡೀ ಒಣಮೀನನ್ನು ಚೀಲದಿಂದ ಹೊರತೆಗೆದು ಮೊದಲು ಮೇಜಿನ ಅಂಚಿಗೆ ತಟ್ಟಿದರು. ಕಟ್ಟಿಗೆ ಬಡಿದ ಸದ್ದು. ಆಮೇಲೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯತೊಡಗಿದರು. ಹತ್ತಿಪ್ಪತ್ತು ಏಟಿನ ನಂತರ ಮೀನಿನ ಮೈ ಬಿರಿದು ಬಿಳಿಯ ನಾರು ನಾರಾಗಿ ಬಂತು. ಆ ನಾರನ್ನು ಸಿಗಿದು, ತುದಿಗೆ ಒಂದಿಷ್ಟು ಬೆಣ್ಣೆ ಹಚ್ಚಿ ಕೈಗೆ ಕೊಟ್ಟರು. ಬಾಯಿಗಿಟ್ಟ ಮೊದಲ ಕ್ಷಣ ಏನೂ ಇಲ್ಲ. ಜಗಿಯುತ್ತ ಹೋದ ಹಾಗೆ, ಎಂಜಲು ಸೇರಿದ ಹಾಗೆ, ಒಳಗಿದ್ದ ಕಡಲಿನ ರುಚಿ ನಿಧಾನವಾಗಿ ಬಿಡುತ್ತದೆ. ಅಷ್ಟು ಹೊತ್ತಿನಲ್ಲಿ ಅವರು ಬರ್ಗೆನ್ನಿನ ವ್ಯಾಪಾರ, ಸಾಲದಲ್ಲಿ ಮುಳುಗಿದ ಮೀನುಗಾರರು, ಪಟ್ಟಣದ ಸನ್ನದು ಎಲ್ಲವನ್ನೂ ಹೇಳಿ ಮುಗಿಸಿದ್ದರು. ಇದೇ ಒಣಮೀನಿನ ಪೊಟ್ಟಣ ಅಲ್ಲಿಯ ಅಂಗಡಿಗಳಲ್ಲಿಯೂ ಸಿಗುತ್ತದೆ. ಹೋಟೆಲ್ ಕೋಣೆಯಲ್ಲಿ ಒಬ್ಬರೇ ಕೂತು ಜಗಿದರೆ ಎರಡನೆಯ ತುಂಡು ತೆಗೆದುಕೊಳ್ಳುವ ಮನಸ್ಸಾಗುವುದಿಲ್ಲ.

ಊಟದ ನಡಿಗೆಯ ಬೆಲೆಯನ್ನು ತೂಗುವಾಗ ಋತುವನ್ನು ಮರೆಯಬಾರದು. ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಕರಾವಳಿಗೆ ಬರುತ್ತದೆ. ಈ ವಲಸೆ ಮೀನಿಗೆ ಸ್ಕ್ರೈ ಎಂದು ಹೆಸರು. ಅದರ ಮಾಂಸ, ಯಕೃತ್ತು, ಮೊಟ್ಟೆಚೀಲ ಮೂರನ್ನೂ ಬೇಯಿಸಿ ಆಲೂಗಡ್ಡೆಯೊಂದಿಗೆ ಬಡಿಸುವ ಮೊಲ್ಯೆ ಎಂಬ ಊಟವನ್ನು ಆ ತಿಂಗಳುಗಳಲ್ಲಿ ತಪ್ಪಿಸಿಕೊಳ್ಳಬಾರದು. ಸೂರ್ಯನೇ ಕಾಣದ ಕಾಲದಲ್ಲಿ ಡಿ ಜೀವಸತ್ವ ಸಿಗುತ್ತಿದ್ದದ್ದು ಆ ಯಕೃತ್ತಿನಿಂದ. ಮೇ ತಿಂಗಳಲ್ಲಿ ಕಡಲಹಕ್ಕಿಯ ಮೊಟ್ಟೆಯನ್ನು ಸ್ಥಳೀಯ ಬಿಯರ್ ಜೊತೆ ತಿನ್ನುವ ಪದ್ಧತಿ ಇದೆ. ಬೇಸಿಗೆಯಲ್ಲಿ ಬಂದರಿನಲ್ಲಿ ದೋಣಿಯಿಂದಲೇ ಸಿಗಡಿ ಕೊಂಡು, ಕಟ್ಟೆಯ ಮೇಲೆ ಕೂತು ಸಿಪ್ಪೆ ಸುಲಿದು, ಬಿಳಿ ಬ್ರೆಡ್ಡಿನ ಮೇಲೆ ಹರವಿ ತಿನ್ನುತ್ತಾರೆ. ಇದಕ್ಕೆ ಯಾವ ಗೈಡೂ ಬೇಡ. ಆಗಸ್ಟಿನಲ್ಲಿ ಜೌಗು ನೆಲದಲ್ಲಿ ಕ್ಲೌಡ್‌ಬೆರ್ರಿ ಹಣ್ಣಾಗುತ್ತದೆ. ಹೀಗಾಗಿ ಚಳಿಗಾಲದ ಊಟದ ನಡಿಗೆಗೆ ಇರುವ ತೂಕ ಜುಲೈ ತಿಂಗಳಿನದಕ್ಕೆ ಇಲ್ಲ ಎಂಬುದು ನನ್ನ ಅನಿಸಿಕೆ. ಬೇಸಿಗೆಯಲ್ಲಿ ಊರೇ ಹೊರಗೆ ಬಂದು ತಿನ್ನುತ್ತಿರುತ್ತದೆ, ನೋಡಿ ಕಲಿಯಬಹುದು. ಚಳಿಗಾಲದಲ್ಲಿ ಎಲ್ಲವೂ ಮುಚ್ಚಿದ ಬಾಗಿಲುಗಳ ಹಿಂದೆ.

ಒಂದು ವಿಷಯವನ್ನು ನಿಚ್ಚಳವಾಗಿ ತಿಳಿದಿರಬೇಕು: ರುಚಿ ನೋಡುವುದೆಂದರೆ ಹೊಟ್ಟೆ ತುಂಬುವುದಲ್ಲ. ಕೆಲವು ನಡಿಗೆಗಳಲ್ಲಿ ಎಲ್ಲ ತುಣುಕುಗಳೂ ಸೇರಿ ಒಂದು ಮಧ್ಯಾಹ್ನದ ಊಟವಾಗುತ್ತದೆ. ಇನ್ನು ಕೆಲವದರಲ್ಲಿ ಮುಗಿದ ಕೂಡಲೇ ಹೋಟೆಲ್ ಹುಡುಕಬೇಕು. ಎರಡಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಕಾಣದು. ಅಲ್ಲಿ ಇನ್ನೊಂದು ಊಟವೆಂದರೆ ಸಣ್ಣ ಖರ್ಚಲ್ಲ. ಹಾಗಾಗಿ ಪ್ರವಾಸದ ಬೆಲೆಯನ್ನು ಬರೀ ನಡಿಗೆಯ ಬೆಲೆಯೊಂದಿಗೆ ಹೋಲಿಸದೆ, ಬರೀ ನಡಿಗೆ ಮತ್ತು ಒಂದು ಊಟ ಎರಡರ ಮೊತ್ತದೊಂದಿಗೆ ಹೋಲಿಸಿ. ಆಗ ಊಟದ ನಡಿಗೆ ಮೊದಲು ಕಂಡಷ್ಟು ದುಬಾರಿ ಅನ್ನಿಸುವುದಿಲ್ಲ.

ಬರೀ ಚರಿತ್ರೆಯ ನಡಿಗೆ

ಇದು ಒಂದೂವರೆಯಿಂದ ಎರಡು ಗಂಟೆಯದು, ಬೆಲೆಯಲ್ಲಿ ಹಗುರ. ಹೊರಗೆ ನಿಂತು ಕೇಳುವುದೇ ಹೆಚ್ಚು, ಆದ್ದರಿಂದ ಚಳಿ ತಡೆಯುವ ಶಕ್ತಿ ಬೇಕು. ಬಂದರಿನ ಬಳಿಯ, ಧ್ರುವ ಅನ್ವೇಷಕ ಅಮುಂಡ್ಸೆನ್ ಪ್ರತಿಮೆ, 1861ರಲ್ಲಿ ಪೂರ್ಣಗೊಂಡ ಮರದ ಕೆಥೆಡ್ರಲ್ (ಬಿಷಪ್ಪರ ಮುಖ್ಯ ಚರ್ಚ್), ಚೌಕದ ಬಳಿಯ ಕ್ಯಾಥೊಲಿಕ್ ಚರ್ಚ್, ಹಳೆಯ ಕಸ್ಟಮ್ಸ್ ಗೋದಾಮು, ಇವು ಸಾಮಾನ್ಯ ನಿಲುಗಡೆಗಳು. ನಾರ್ವೆಯಲ್ಲಿ ಮರದಿಂದ ಕಟ್ಟಿದ ಕೆಥೆಡ್ರಲ್ ಇದೊಂದೇ. ಸಸ್ಯಾಹಾರಿಗಳಿಗೆ, ಮಕ್ಕಳಿರುವವರಿಗೆ, ಹಿಂದಿನ ರಾತ್ರಿ ನಿದ್ದೆಗೆಟ್ಟವರಿಗೆ ಈ ಅಳತೆ ಸರಿಹೊಂದುತ್ತದೆ. ವಯಸ್ಸಾದವರಿಗೆ ಮಾತ್ರ ಊಟದ ನಡಿಗೆಯೇ ವಾಸಿ, ಏಕೆಂದರೆ ಅದರಲ್ಲಿ ಆಗಾಗ ಬೆಚ್ಚನೆಯ ಕೋಣೆಯೊಳಗೆ ಕೂರಲು ಸಿಗುತ್ತದೆ. ಮೂರು ಗಂಟೆ ಎಂದು ಓದಿ ಹೆದರಬೇಕಾಗಿಲ್ಲ, ಅದರಲ್ಲಿ ನಡೆಯುವ ಹೊತ್ತು ಕಡಿಮೆ.

ಗೈಡ್ ಇಲ್ಲದೆ ಸುತ್ತುವವರಿಗೆ

ಎರಡನೆಯ ಬಾರಿ ಬಂದವರು, ಓದಿಕೊಂಡು ಬಂದವರು, ಗುಂಪಿನ ಜೊತೆ ಹೆಜ್ಜೆ ಹಾಕಲು ಬೇಸರಪಡುವವರು ತಾವೇ ಸುತ್ತಬಹುದು. ದಕ್ಷಿಣದ ತುದಿಯಲ್ಲಿ ಪೊಲಾರಿಯಾ ಎಂಬ ಆರ್ಕ್ಟಿಕ್ ಜಲಚರ ಪ್ರದರ್ಶನಾಲಯದಿಂದ ಹೊರಡಿ. 1998ರಲ್ಲಿ ತೆರೆದ ಈ ಕಟ್ಟಡ ದಡಕ್ಕೆ ಬಂದು ಒಂದರ ಮೇಲೊಂದು ಒರಗಿದ ಮಂಜಿನ ಹಲಗೆಗಳ ಆಕಾರದಲ್ಲಿದೆ. ಅಲ್ಲಿಂದ ಹತ್ತಿರದಲ್ಲಿಯೇ 1877ರಲ್ಲಿ ಶುರುವಾದ ಮಾಕ್ ಬಿಯರ್ ಕಂಪನಿಯ ಹಳೆಯ ಕಟ್ಟಡ ಸಿಗುತ್ತದೆ. ದೊಡ್ಡ ಉತ್ಪಾದನೆ 2012ರಲ್ಲಿ ಊರ ಹೊರಕ್ಕೆ ಹೋಯಿತು. ಆದರೆ 1928ರಲ್ಲಿ ತೆರೆದ ಅದರ ಬಿಯರ್ ಕೋಣೆ, ಓಲ್‌ಹಾಲೆನ್, ಇನ್ನೂ ಅಲ್ಲಿಯೇ ಇದೆ. ಬೇಟೆಗಾರರು ಕೂರುತ್ತಿದ್ದ ಜಾಗ, ಒಳಗೆ ತುಂಬಿಟ್ಟ ಹಿಮಕರಡಿಯೊಂದು ನಿಂತಿದೆ.

ಅಲ್ಲಿಂದ ಕೆಥೆಡ್ರಲ್ ಕಡೆಯಿಂದ ಸ್ಟೂರ್‌ಗಾತಾದಲ್ಲಿ ಉತ್ತರಕ್ಕೆ ನಡೆಯಿರಿ. ಚಳಿಗೆ ಕೈ ಮರಗಟ್ಟಿದರೆ ನಗರ ಗ್ರಂಥಾಲಯದ ಒಳಗೆ ಹೋಗಿ. ಹಳೆಯ ಚಿತ್ರಮಂದಿರದ ಬಾಗಿದ ಛಾವಣಿಯನ್ನು ಉಳಿಸಿಕೊಂಡು 2005ರಲ್ಲಿ ಕಟ್ಟಿದ ಗಾಜಿನ ಕಟ್ಟಡ ಅದು. ಪ್ರವೇಶಕ್ಕೆ ಹಣವಿಲ್ಲ, ಬೆಚ್ಚಗಿದೆ, ಮೇಲಿನ ಮಹಡಿಯಿಂದ ಜಲಸಂಧಿಯ ಕಡೆಗೆ ಒಳ್ಳೆಯ ನೋಟವಿದೆ. ಯಾರೂ ಎಬ್ಬಿಸುವುದಿಲ್ಲ. ಚೌಕದಲ್ಲಿ 1911ರಿಂದ ನಿಂತಿರುವ ರಕೆಟ್ಟನ್ ಎಂಬ ಪುಟ್ಟ ಗೂಡಂಗಡಿಯ ಮುಂದೆ ಹಿಮಸಾರಂಗದ ಸಾಸೇಜಿಗೆ ಸಾಲು ಇರುತ್ತದೆ. ಊಟದ ನಡಿಗೆಗಳಲ್ಲಿ ಕೆಲವು ಇದೇ ಬಗೆಯ ಸಾಸೇಜನ್ನು ಒಂದು ನಿಲುಗಡೆಯೆಂದು ಎಣಿಸುತ್ತವೆ. ಪಟ್ಟಿಯಲ್ಲಿ ಹೆಚ್ಚಿನದೆಲ್ಲ ಹೀಗೆ ನೀವೇ ಕೊಂಡು ತಿನ್ನಬಹುದಾದದ್ದೇ ಆಗಿದ್ದರೆ ಆ ಪ್ರವಾಸವನ್ನು ಬಿಟ್ಟು ಬೇರೆಯದನ್ನು ನೋಡಿ. ಇನ್ನೂ ಮುಂದೆ ಹೋದರೆ 1916ರ ಚಿತ್ರಮಂದಿರ ವರ್ಡೆನ್ಸ್‌ತೆಯಾತ್ರೆ.

ಕೊನೆಯಲ್ಲಿ ಧ್ರುವ ವಸ್ತುಸಂಗ್ರಹಾಲಯ. 1928ರ ಜೂನ್ 18ರಂದು ರೋಆಲ್ ಅಮುಂಡ್ಸೆನ್, ವಾಯುನೌಕೆಯಲ್ಲಿ ಹೋಗಿ ಕಾಣೆಯಾಗಿದ್ದ ಇಟಲಿಯ ಅನ್ವೇಷಕ ನೋಬಿಲೆಯನ್ನು ಹುಡುಕಲು ಟ್ರೊಮ್ಸೊದಿಂದ ವಿಮಾನದಲ್ಲಿ ಹೊರಟವರು ಹಿಂದಿರುಗಲಿಲ್ಲ. ಸರಿಯಾಗಿ ಐವತ್ತು ವರ್ಷದ ನಂತರ, 1978ರ ಅದೇ ದಿನ ಈ ಸಂಗ್ರಹಾಲಯ ತೆರೆಯಿತು. ಕಟ್ಟಡ 1830ರ ದಶಕದ ಕಸ್ಟಮ್ಸ್ ಗೋದಾಮು. ಒಳಗೆ ಸೀಲ್ ಬೇಟೆ, ಕರಡಿ ಬೇಟೆ, ಬಲೆ, ಬಂದೂಕು, ತುಂಬಿಟ್ಟ ಪ್ರಾಣಿಗಳು. ಚಿಕ್ಕ ಮಕ್ಕಳಿಗೆ, ಮನಸ್ಸು ಮೃದುವಾದವರಿಗೆ ಕೆಲವು ದೃಶ್ಯಗಳು ಕಷ್ಟವಾಗುತ್ತವೆ, ಮೊದಲೇ ತಿಳಿದು ಹೋಗಿ. ಟ್ರೊಮ್ಸೊದಲ್ಲಿ ಟ್ಯಾಕ್ಸಿ ಓಡಿಸಿದ ಮೊದಲ ಹೆಣ್ಣುಮಗಳು ವಾನ್ನಿ ವೋಲ್ಡ್‌ಸ್ಟಾಡ್ 1930ರ ದಶಕದಲ್ಲಿ ಇನ್ನೂ ಉತ್ತರದ ದ್ವೀಪಸಮೂಹವಾದ ಸ್ವಾಲ್‌ಬಾರ್ಡ್‌ಗೆ ಹೋಗಿ ಬೇಟೆಗಾರ್ತಿಯಾಗಿ ಚಳಿಗಾಲಗಳನ್ನು ಕಳೆದವರು. ಗಂಡಸರ ಸಾಹಸವೇ ತುಂಬಿರುವ ಈ ಊರಿನ ಚರಿತ್ರೆಯಲ್ಲಿ ಅವರ ಹೆಸರನ್ನು ಹುಡುಕಿ ಓದಲು ಮರೆಯಬೇಡಿ.

ಸೇತುವೆಯಾಚೆಯ ಆರ್ಕ್ಟಿಕ್ ಕೆಥೆಡ್ರಲ್ ಯಾವ ನಡಿಗೆಯಲ್ಲಿಯೂ ಸಾಮಾನ್ಯವಾಗಿ ಸೇರಿರುವುದಿಲ್ಲ. ಹೆಸರು ಹಾಗಿದ್ದರೂ ಅದು 1965ರಲ್ಲಿ ಕಟ್ಟಿದ ಬಡಾವಣೆಯ ಚರ್ಚ್. 1960ರ ಸೇತುವೆ ಒಂದು ಕಿಲೋಮೀಟರಿಗಿಂತ ತುಸು ಉದ್ದ, ಮೇಲೆ ಗಾಳಿ ಬಲು ಜೋರು. ನಡೆದು ಹೋಗಿ, ಬಸ್ಸಿನಲ್ಲಿ ಬನ್ನಿ.

ಸಾಮಿ ಶಿಬಿರ ಬೇರೆಯೇ ವಿಷಯ

ಊರ ಹೊರಗೆ ಹಿಮಸಾರಂಗಗಳಿರುವ ಜಾಗಕ್ಕೆ ಬಸ್ಸಿನಲ್ಲಿ ಕರೆದೊಯ್ದು, ಲಾವ್ವು ಎಂಬ ಡೇರೆಯೊಳಗೆ ಬೆಂಕಿಯ ಸುತ್ತ ಕೂರಿಸಿ, ಬೀದೊಸ್ ಬಡಿಸುವ ಪ್ರವಾಸಗಳನ್ನು ಬಹಳ ಮಂದಿ ಊಟದ ನಡಿಗೆಗೆ ಪರ್ಯಾಯವೆಂದು ನೋಡುತ್ತಾರೆ. ಬೀದೊಸ್ ಎಂದರೆ ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿಯನ್ನು ನಿಧಾನವಾಗಿ ಬೇಯಿಸಿದ ಸಾರು. ಮದುವೆಯಂತಹ ಸಮಾರಂಭಗಳಿಗೆ ಮಾಡುವ ಅಡುಗೆ. ಮಸಾಲೆಯಿಲ್ಲ, ಉಪ್ಪು ಮಾತ್ರ, ಆದರೂ ಚಳಿಯಲ್ಲಿ ನಿಂತು ಪ್ರಾಣಿಗಳಿಗೆ ಮೇವು ಕೊಟ್ಟು ಬಂದ ಮೇಲೆ ಎರಡು ಬಟ್ಟಲು ಇಳಿಯುತ್ತದೆ.

ಊಟದ ನಡಿಗೆ ನಾರ್ವೇಜಿಯನ್ ವ್ಯಾಪಾರದ ಊರನ್ನು ತೋರಿಸುತ್ತದೆ. ಆ ಊರು ಎದ್ದು ನಿಂತ ನೆಲದಲ್ಲಿ ಅದಕ್ಕಿಂತ ಮೊದಲಿನಿಂದ ಬಾಳಿದವರ ಮಾತು ಕೇಳಲು ಸಾಮಿ ಮನೆತನದವರ ಬಳಿಗೇ ಹೋಗಬೇಕು. ಶಾಲೆಗಳಲ್ಲಿ ಸಾಮಿ ಭಾಷೆಯನ್ನು ಅದುಮಿ ಮಕ್ಕಳನ್ನು ನಾರ್ವೇಜಿಯನ್ನರನ್ನಾಗಿ ಮಾಡುವ ಸರ್ಕಾರಿ ನೀತಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದನ್ನು ತನಿಖೆ ಮಾಡಿದ ಸತ್ಯ ಮತ್ತು ಸಂಧಾನ ಆಯೋಗ 2023ರಲ್ಲಿ ವರದಿ ಕೊಟ್ಟಿತು, 2024ರ ನವೆಂಬರಿನಲ್ಲಿ ನಾರ್ವೆಯ ಸಂಸತ್ತು ಕ್ಷಮೆ ಕೇಳಿತು. ಅಜ್ಜ ಅಜ್ಜಿ ಏಕೆ ಮನೆಯಲ್ಲಿ ಸಾಮಿ ಮಾತಾಡಲಿಲ್ಲ ಎಂದು ಮೊಮ್ಮಗಳು ಬೆಂಕಿಯ ಪಕ್ಕದಲ್ಲಿ ಹೇಳುವುದನ್ನು ಕೇಳಿದರೆ ಸಾಮಿಗಳ ಯೋಯಿಕ್ ಹಾಡು ಕಿವಿಗೆ ಬೀಳುವ ರೀತಿಯೇ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಶಿಬಿರ ಯಾರದು, ಮಾತಾಡುವವರು ಯಾರು? ಸಾಮಿ ಕುಟುಂಬವೇ ನಡೆಸುವ ಶಿಬಿರಗಳಿವೆ, ಅವು ತಮ್ಮ ವಿವರದಲ್ಲಿ ಅದನ್ನು ಹೇಳಿಕೊಳ್ಳುತ್ತವೆ. ಹೇಳದ ಕಡೆ ಕೇಳಿ. ಅಲ್ಲಿ ಹೋದಾಗ ಅವರ ಸಾಂಪ್ರದಾಯಿಕ ಗಾಕ್ತಿ ಉಡುಪನ್ನು ವೇಷವೆಂದು ಕರೆಯಬೇಡಿ, ನಿಮ್ಮ ಬಳಿ ಎಷ್ಟು ಹಿಮಸಾರಂಗಗಳಿವೆ ಎಂದು ಕೇಳಬೇಡಿ. ಅದು ಅವರ ಆಸ್ತಿಯ ಲೆಕ್ಕ, ಕೇಳುವುದು ಅಮರ್ಯಾದೆ.

ಶಿಬಿರಗಳ ಕಾಲ ಮುಖ್ಯವಾಗಿ ಚಳಿಗಾಲ, ಬೇಸಿಗೆಯಲ್ಲಿ ಮಂದೆಗಳು ದೂರದ ಮೇವಿನ ಜಾಗಗಳಿಗೆ ಹೋಗಿರುತ್ತವೆ. ಫೆಬ್ರವರಿ 6 ಸಾಮಿಗಳ ರಾಷ್ಟ್ರೀಯ ದಿನ. ಆ ವಾರದಲ್ಲಿ ಊರಿನಲ್ಲಿದ್ದರೆ ಸ್ಟೂರ್‌ಗಾತಾದ ಹಿಮದ ಮೇಲೆಯೇ ಹಿಮಸಾರಂಗಗಳ ಓಟದ ಸ್ಪರ್ಧೆ ನಡೆಯುತ್ತದೆ, ಹಗ್ಗದ ಕುಣಿಕೆ ಎಸೆಯುವ ಪೈಪೋಟಿಯೂ ಇರುತ್ತದೆ. ನೋಡುವುದಕ್ಕೆ ಟಿಕೆಟ್ ಬೇಡ.

ಸಸ್ಯಾಹಾರಿಗಳ ಮಾತು

ಊಟದ ನಡಿಗೆಯ ವಿವರದಲ್ಲಿ ಸಸ್ಯಾಹಾರಕ್ಕೆ ವ್ಯವಸ್ಥೆ ಇದೆ ಎಂದು ಬರೆದಿರುವುದು ಸುಳ್ಳಲ್ಲ. ಆದರೆ ಎಲ್ಲರೂ ಸ್ಕ್ರೈ ತಿನ್ನುವಾಗ ನಿಮಗೆ ಸಿಗುವುದು ತರಕಾರಿ ಸೂಪು, ಬ್ರೆಡ್ಡು. ಗೈಡ್ ಮೀನಿನ ಕಥೆ ಹೇಳುತ್ತಾರೆ, ನಿಮ್ಮ ಬಟ್ಟಲಿಗೂ ಆ ಕಥೆಗೂ ಸಂಬಂಧವಿರುವುದಿಲ್ಲ. ಬೆಲೆ ಮಾತ್ರ ಎಲ್ಲರಿಗೂ ಒಂದೇ. ಇದಕ್ಕಿಂತ ಚರಿತ್ರೆಯ ನಡಿಗೆ ಮುಗಿಸಿ ಒಂದು ಕೆಫೆಗೆ ಹೋಗಿ ವಾಫಲ್ ತೆಗೆದುಕೊಳ್ಳಿ. ಅದರ ಮೇಲೆ ಹಣ್ಣಿನ ಜಾಮ್, ಅದರ ಮೇಲೆ ಕಂದು ಚೀಸಿನ ತೆಳ್ಳಗಿನ ಹಾಳೆ. ಹಾಲೊಡಕನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸಿದಾಗ ಅದರೊಳಗಿನ ಸಕ್ಕರೆ ಕಂದುಬಣ್ಣಕ್ಕೆ ತಿರುಗಿ ಈ ಚೀಸ್ ಆಗುತ್ತದೆ, ಸಿಹಿಯೂ ಉಪ್ಪೂ ಕೂಡಿದ ರುಚಿ. ಅದನ್ನು ಹೆರೆಯುವ ಅಗಲ ಅಲಗಿನ ಸಾಧನಕ್ಕೆ 1920ರ ದಶಕದಲ್ಲಿ ನಾರ್ವೆಯ ಬಡಗಿಯೊಬ್ಬರು ಪೇಟೆಂಟ್ ಪಡೆದರು. ಚೀಸಿನ ದಿಮ್ಮಿಯ ಮೇಲೆ ಆ ಅಲಗನ್ನು ಎಳೆದರೆ ಕಾಗದದಷ್ಟು ತೆಳುವಾದ ಸುರುಳಿ ಏಳುತ್ತದೆ, ಬಿಸಿ ವಾಫಲ್ ತಾಗಿದ ಕೂಡಲೇ ಮೆತ್ತಗಾಗಿ ಅಂಚು ಬಾಗುತ್ತದೆ. ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಹಚ್ಚಿ ಮಡಚಿದ ಲೆಫ್ಸೆ ಎಂಬ ಮೆತ್ತನೆಯ ರೊಟ್ಟಿ, ಕೆನೆಯಲ್ಲಿ ಕಲಸಿದ ಕ್ಲೌಡ್‌ಬೆರ್ರಿ ಕೂಡ ಕೇಳಿ ನೋಡಿ.

ಕಟ್ಟುನಿಟ್ಟಿನವರು ಎರಡು ವಿಷಯ ಗಮನಿಸಬೇಕು. ಹಾಲೊಡಕು ಬರುವುದು ಚೀಸ್ ತಯಾರಿಕೆಯಿಂದ, ಅಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದು. ವಾಫಲಿನ ಹಿಟ್ಟಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಮಾಂಸ ತಿಂದರೂ ದನ, ಹಂದಿ ಬೇಡವೆನ್ನುವವರು ಹಿಮಸಾರಂಗದ ಸಾಸೇಜಿನಲ್ಲಿ ಬೇರೆ ಮಾಂಸ ಬೆರೆತಿದೆಯೇ ಎಂದು ಕೇಳಿಯೇ ಕೊಳ್ಳಬೇಕು, ಬೆರೆಸುವುದು ಅಪರೂಪವಲ್ಲ. ತಿಮಿಂಗಿಲ ಮತ್ತು ಸೀಲ್ ಮಾಂಸ ಕೆಲವು ಪ್ರವಾಸಗಳಲ್ಲಿ ಇರುತ್ತದೆ. ನಾರ್ವೆಯಲ್ಲಿ ಅದು ಕಾನೂನುಬದ್ಧ. ತಿನ್ನಲು ಮನಸ್ಸಿಲ್ಲದಿದ್ದರೆ ಮೊದಲೇ ಹೇಳಿದರೆ ಯಾರೂ ಬೇಸರಪಡುವುದಿಲ್ಲ. ಊರಿಗೆ ತರಲೆಂದು ಮಾತ್ರ ಕೊಳ್ಳಬೇಡಿ, ತಿಮಿಂಗಿಲದ ಉತ್ಪನ್ನಗಳಿಗೆ ಅಂತರರಾಷ್ಟ್ರೀಯ ನಿರ್ಬಂಧವಿದೆ.

ಗಂಟೆ, ಬೆಳಕು, ನೆಲ

ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದಿಲ್ಲ. ಪೂರ್ತಿ ಕತ್ತಲೆಯೂ ಅಲ್ಲ, ನಡುಹಗಲಿಗೆ ಕೆಲವು ಗಂಟೆ ನೀಲಿ ಬೆಳಕು ಹರಡಿರುತ್ತದೆ. ಆಗ ಹೋಗುವವರು ಹತ್ತು, ಹನ್ನೊಂದು ಗಂಟೆಗೆ ಶುರುವಾಗುವ ನಡಿಗೆಯನ್ನೇ ಆರಿಸಿ, ಆ ಬೆಳಕಿನಲ್ಲಿ ಜಲಸಂಧಿಯೂ ಆಚೆಯ ಬೆಟ್ಟವೂ ಕಾಣುತ್ತವೆ. ಹಿಂದಿನ ರಾತ್ರಿ ಧ್ರುವಪ್ರಭೆಯ ಬಸ್ಸಿನಲ್ಲಿ ಎರಡು ಗಂಟೆಯವರೆಗೆ ಎದ್ದಿದ್ದರೆ ಬೆಳಗಿನ ನಡಿಗೆ ಶಿಕ್ಷೆಯಾಗುತ್ತದೆ. ಸಂಜೆ ಆರಕ್ಕೆ ಮುಗಿಯುವ ಊಟದ ನಡಿಗೆಯನ್ನು ಅದೇ ದಿನದ ಧ್ರುವಪ್ರಭೆಯ ಬಸ್ಸಿಗೆ ತಾಗಿಸಿ ಇಡುವುದೂ ಬೇಡ, ಬಟ್ಟೆ ಬದಲಿಸಲೂ ಹೊತ್ತು ಸಿಗುವುದಿಲ್ಲ. ಅದಕ್ಕೇ ಮೊದಲ ಹಗಲು ಎಂದು ಮೇಲೆ ಹೇಳಿದ್ದು. ಮೊದಲ ದಿನ ಗೈಡ್ ತೋರಿಸಿದ ಬೇಕರಿ, ಕೆಫೆ, ಬೆಲೆ ಕಡಿಮೆಯಿರುವ ಮೀನಿನ ಅಂಗಡಿ ಉಳಿದ ದಿನಗಳಿಗೆಲ್ಲ ಒದಗುತ್ತವೆ.

ಚಳಿಗಿಂತ ಹೆಚ್ಚು ಹೆದರಬೇಕಾದದ್ದು ನೆಲಕ್ಕೆ. ಬೆಚ್ಚನೆಯ ಕಡಲ ಪ್ರವಾಹದಿಂದಾಗಿ ಜನವರಿಯಲ್ಲಿಯೂ ಉಷ್ಣಾಂಶ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಇರುವುದೇ ಹೆಚ್ಚು, ಬಂದರು ಹೆಪ್ಪುಗಟ್ಟುವುದಿಲ್ಲ. ಹಿಮ ಕರಗಿ ಮತ್ತೆ ಗಟ್ಟಿಯಾಗಿ ಬೀದಿಯ ಮೇಲೆ ಗಾಜಿನ ಪದರ ಕಟ್ಟುವುದೂ ಇದರಿಂದಲೇ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳುಪಟ್ಟಿಯನ್ನು ಅಲ್ಲಿ ಬ್ರೊಡ್ಡರ್ ಎನ್ನುತ್ತಾರೆ, ಎಲ್ಲ ಕಡೆ ಸಿಗುತ್ತದೆ. ನಡಿಗೆಗೆ ಮುಂಚೆ ಕೊಂಡುಬಿಡಿ, ಅಂಗಡಿಯೊಳಗೆ ಹೋಗುವಾಗ ಬಿಚ್ಚಿ.

ಹಣ ಕಟ್ಟುವ ಮುನ್ನ

ವಿಮರ್ಶೆಗಳ ನಕ್ಷತ್ರಗಳಿಗಿಂತ ಅವುಗಳ ಒಳಗಿನ ವಾಕ್ಯಗಳನ್ನು ಓದಿ. ಒಳ್ಳೆಯ ನಡಿಗೆಯ ಬಗ್ಗೆ ಬರೆದವರು ಗೈಡ್ ಹೇಳಿದ ಒಂದಾದರೂ ಸಂಗತಿಯನ್ನು ನೆನಪಿಟ್ಟುಕೊಂಡಿರುತ್ತಾರೆ. ಎಲ್ಲರೂ ಬರೀ ಆಹಾರ ರುಚಿಯಾಗಿತ್ತು ಎಂದಿದ್ದರೆ ಅದು ಹೋಟೆಲಿಂದ ಹೋಟೆಲಿಗೆ ಕರೆದೊಯ್ಯುವ ಪ್ರವಾಸವಿರಬಹುದು. ಗುಂಪಿನಲ್ಲಿ ಎಷ್ಟು ಮಂದಿ ಎಂದು ಕೇಳಿ. ಹನ್ನೆರಡು ದಾಟಿದರೆ ಚಿಕ್ಕ ಅಂಗಡಿಯೊಳಗೆ ಹಿಂದೆ ನಿಂತವರಿಗೆ ಮಾತು ಕೇಳಿಸದು. ಎಷ್ಟು ಹೊತ್ತು ಒಳಗೆ, ಎಷ್ಟು ಹೊತ್ತು ಹೊರಗೆ ಎಂಬುದನ್ನೂ ಕೇಳಿ. ಒಂದು ಬಾರಿ ನಾವು ಸೇರಿದ್ದ ನಡಿಗೆಯಲ್ಲಿ ನಿಲುಗಡೆಗಳೆಲ್ಲ ಕೊನೆಯ ಒಂದು ಗಂಟೆಯಲ್ಲಿದ್ದವು. ಅಲ್ಲಿಯವರೆಗೆ ಗಾಳಿಗೆ ಮೈಯೊಡ್ಡಿ ನಿಂತಿದ್ದ ಮಕ್ಕಳು ತಿನ್ನುವ ಹೊತ್ತಿಗೆ ಅಳುತ್ತಿದ್ದರು.

ನಾಲ್ಕೈದು ಮಂದಿಯ ಕುಟುಂಬವಾದರೆ ಖಾಸಗಿ ಗೈಡಿನ ಬೆಲೆಯನ್ನೂ ಒಮ್ಮೆ ವಿಚಾರಿಸಿ, ತಲೆಗೆ ಲೆಕ್ಕ ಹಾಕಿದಾಗ ಅಂತರ ಅಷ್ಟೇನೂ ಇರುವುದಿಲ್ಲ. ಮನೆಯಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಅರ್ಧ ಜನ ಮೀನು ತಿನ್ನುವವರು ಎಂದಾದರೆ ಇದೇ ಸರಿಯಾದ ದಾರಿ, ಏಕೆಂದರೆ ನಿಲುಗಡೆಗಳನ್ನು ನಿಮ್ಮ ಪಂಕ್ತಿಗೆ ತಕ್ಕಂತೆ ಬದಲಿಸಬಹುದು. ಗೈಡಿಗೆ ಟಿಪ್ಸ್ ಕೊಡಲೇಬೇಕೆಂಬ ಒತ್ತಾಯ ನಾರ್ವೆಯಲ್ಲಿಲ್ಲ, ಖುಷಿಯಾದರೆ ಕೊಡಬಹುದು. ನಗದು ಬೇಕಾಗುವುದೇ ಇಲ್ಲ, ಗೂಡಂಗಡಿಯಲ್ಲಿಯೂ ಕಾರ್ಡ್ ನಡೆಯುತ್ತದೆ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿಯ ನೀರು ಚೆನ್ನಾಗಿದೆ.

ದಿನವನ್ನು ಗೊತ್ತುಮಾಡುವಾಗ ಭಾನುವಾರವನ್ನು ತಪ್ಪಿಸಿ. ಅಂದು ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಊಟದ ನಡಿಗೆಗಳ ನಿಲುಗಡೆಗಳೂ ಕಡಿಮೆಯಾಗುತ್ತವೆ. ಈಸ್ಟರ್ ಮತ್ತು ಕ್ರಿಸ್‌ಮಸ್ ರಜೆಗಳಲ್ಲಿಯೂ ಹಾಗೆಯೇ. ಮೇ 17 ಮಾತ್ರ ಬೇರೆ: ಅಂಗಡಿಗಳು ಮುಚ್ಚಿದ್ದರೂ ರಾಷ್ಟ್ರೀಯ ದಿನದ ಮೆರವಣಿಗೆಗೆ ಇಡೀ ಊರು ಸಾಂಪ್ರದಾಯಿಕ ಉಡುಪಿನಲ್ಲಿ ಬೀದಿಗೆ ಬಂದಿರುತ್ತದೆ. ಅಂದು ಯಾವ ಪ್ರವಾಸವನ್ನೂ ಕೊಳ್ಳದೆ, ಬೆಳಿಗ್ಗೆಯೇ ಸ್ಟೂರ್‌ಗಾತಾದ ಅಂಚಿನಲ್ಲಿ ಜಾಗ ಹಿಡಿದು ನಿಲ್ಲಿ.